ಬಾವಿ ನೀರು ಎಂದು ಬರೆದ ಚೀಟಿ

ಹೋದ ತಿಂಗಳು ಚಿತ್ರದುರ್ಗದಲ್ಲಿ ಒಂದು ಗೊಬ್ಬರದಂಗಡಿಗೆ ಹೋಗಿದ್ದೆ. ಮನೆಯ ಮುಂದಿನ ನಿಂಬೆಗಿಡಕ್ಕೆ ಹುಳ ಬಿದ್ದಿತ್ತು. ಅಂಗಡಿಯವನು ಒಳಗಿನ ಕಪಾಟಿನ ಬಾಗಿಲು ತೆಗೆದದ್ದೇ ತಡ, ಒಂದು ವಾಸನೆ ಬಂತು. ಸೀಮೆಎಣ್ಣೆಯಂತೆ, ಆದರೆ ಸೀಮೆಎಣ್ಣೆಯಲ್ಲ. ಮೂಗಿಗಿಂತ ಗಂಟಲಿನ ಹಿಂದೆ ಹೋಗಿ ಕೂರುವಂಥದು. ಕೈಗೆ ಸಿಕ್ಕ ಗೊಬ್ಬರದ ಮೂಟೆ ಹಿಡಿದು ನಿಂತೆ. "ಅಜ್ಜಿ, ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಅವನು ಗಾಬರಿಯಿಂದ ಸ್ಟೂಲು ಎಳೆದು ಕೊಟ್ಟ. ಬಿಸಿಲು ಹೆಚ್ಚಾಯಿತೇನೋ ಎಂದು ಸುಳ್ಳು ಹೇಳಿದೆ. ಆ ವಾಸನೆಯಲ್ಲಿ ನನಗೆ ಕಂಡದ್ದು ಒಂದು ಆಷಾಢ. ಇಷ್ಟು ವರ್ಷವಾದ ಮೇಲೂ ನನ್ನ ಮೈ ಅದನ್ನು ಮರೆತಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಮೂರು. ಹಿರಿಯೂರಿನ ಒಬ್ಬ ಶಾಲಾ ಮೇಷ್ಟರ ಮಗಳು. ಬಿ.ಎಸ್ಸಿ. ಮುಗಿಸಿ ಚಿತ್ರದುರ್ಗದಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯಕ್ಕೆ ಕೆಮಿಸ್ಟ್ ಆಗಿ ಸೇರಿ ವರ್ಷ ತುಂಬಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪ್ರಯೋಗಾಲಯವೆಂದರೆ ಹೆಂಚಿನ ಎರಡು ಕೋಣೆ, ಒಂದು ಜಗಲಿ, ಹಿಂದುಗಡೆ ಬಟ್ಟೆ ಒಣಗಿಸುವಷ್ಟು ಬಯಲು. ಸುತ್ತಲ ತಾಲ್ಲೂಕುಗಳಿಂದ ಸೀಸೆಗಳು ಬರುತ್ತಿದ್ದವು. ಗಡಸು ನೀರೋ, ಉಪ್ಪು ನೀರೋ, ಕುಡಿಯಲು ಬರುತ್ತದೋ ಇಲ್ಲವೋ ನೋಡಿ ಬರೆಯುವುದು ನಮ್ಮ ಕೆಲಸ. ಹೆದರುವಂಥದ್ದು ಅದರಲ್ಲೇನೂ ಇರಲಿಲ್ಲ.

ನಮ್ಮ ಮೇಲಿನವರು ರುದ್ರಮುನಿಯವರು. ಬಿ.ದುರ್ಗದ ಕಡೆಯವರು, ಐವತ್ತು ದಾಟಿತ್ತು, ಕಡಿಮೆ ಮಾತಿನ ಮನುಷ್ಯ. ಕೀಟನಾಶಕದ ವಿಷವನ್ನು ನೀರಿನಲ್ಲಿ ಪತ್ತೆ ಹಚ್ಚುವ ವಿಧಾನವನ್ನು ಮೈಸೂರಿಗೆ ಹೋಗಿ ಕಲಿತು ಬಂದಿದ್ದರು, ನನಗೂ ಕಲಿಸಿದ್ದರು. ನೀರಿಗೆ ಈಥರ್ ಸೇರಿಸಿ ಕುಲುಕಬೇಕು. ಎಣ್ಣೆಯ ಜಾತಿಯ ವಿಷವೆಲ್ಲ ನೀರು ಬಿಟ್ಟು ಮೇಲೆ ನಿಲ್ಲುವ ಈಥರಿಗೆ ಏರಿಬಿಡುತ್ತದೆ. ಕೆಳಗಿನ ನೀರು ಬಸಿದು, ಈಥರನ್ನು ಆವಿ ಮಾಡಿ, ಉಳಿದ ಹನಿಯನ್ನು ಬಿಳಿ ಪುಡಿ ಸವರಿದ ಗಾಜಿನ ಹಲಗೆಯ ಮೇಲೆ ಚುಕ್ಕೆಯಿಡಬೇಕು. ಪಕ್ಕದಲ್ಲೇ ಗೊತ್ತಿರುವ ವಿಷದ ಒಂದು ಚುಕ್ಕೆ, ಶುದ್ಧ ನೀರಿನ ಒಂದು ಚುಕ್ಕೆ. ಹಲಗೆಯ ಬುಡವನ್ನು ದ್ರಾವಣದಲ್ಲಿ ನಿಲ್ಲಿಸಿದರೆ ಚುಕ್ಕೆಗಳು ಮೇಲಕ್ಕೆ ಸರಿಯುತ್ತವೆ. ಆಮೇಲೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿ ಬಿಸಿಲಿಗಿಟ್ಟರೆ, ವಿಷ ಇರುವ ಕಡೆ ಕಪ್ಪು ಕಲೆ ಏಳುತ್ತದೆ.

"ಕಣ್ಣಿಗೆ ಕಾಣದ್ದನ್ನ ಕಾಣಿಸೋದು ನಮ್ ಕೆಲಸ ಗಿರಿಜ" ಎನ್ನುತ್ತಿದ್ದರು. "ಕಂಡಿದ್ದಕ್ಕಿಂತ ಒಂದಕ್ಷರ ಜಾಸ್ತಿ ಬರೆಯೋದು ನಮ್ ಕೆಲಸ ಅಲ್ಲ."

ಆ ಆಷಾಢದಲ್ಲಿ ರುದ್ರಮುನಿಯವರು ಮಗಳ ಹೆರಿಗೆಗೆಂದು ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದರು. ಆಗಲೇ ಮತ್ತೋಡಿನ ಕಡೆಯ ಒಂದು ಹಟ್ಟಿಯಿಂದ ಆ ಸೀಸೆ ಬಂತು. ಬಾಯಿಗೆ ಅರಗು ಹಾಕಿ ಪೊಲೀಸರು ಮುದ್ರೆ ಒತ್ತಿದ್ದರು. ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ "ಬಾವಿ ನೀರು" ಎಂದು ಎರಡೇ ಪದ. ಜೊತೆಗಿದ್ದ ಕಾಗದದಲ್ಲಿ ವಿವರ ಇತ್ತು: ಹಟ್ಟಿಯಲ್ಲಿ ನೀರು ಕುಡಿದ ಒಂಬತ್ತು ಕುರಿ ಒದ್ದಾಡಿ ಸತ್ತಿವೆ, ಕೆಂಚಮ್ಮ ಎಂಬ ಐದು ವರ್ಷದ ಹುಡುಗಿಗೆ ಫಿಟ್ಸ್ ಬಂದು ಹೊಸದುರ್ಗದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದೆ, ತುರ್ತು.

ತುರ್ತು ಎಂಬ ಪದ ನೋಡಿದವಳೇ ಅರಗು ಒಡೆದೆ. ಸೀಸೆ ತೆಗೆದೆ. ಆ ವಾಸನೆ ಬಂತು.

ಎರಡು ದಿನ ಮೋಡ ಕವಿದು ಗಾಳಿ ಬೀಸುತ್ತಿತ್ತು. ಆಷಾಢದಲ್ಲಿ ಚಿತ್ರದುರ್ಗದ ಗಾಳಿ ಗೊತ್ತಿದ್ದವರಿಗೆ ಗೊತ್ತು, ಹೆಂಚೇ ಹಾರಿಸುತ್ತದೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಹಲಗೆಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಹಿಂದಿನ ಬಯಲಿನಲ್ಲಿ ಮೋಡ ನೋಡುತ್ತ ನಿಂತಿದ್ದೆ. ಒಂದು ಸಲ ಮೋಡ ಹರಿದು ಬಿಸಿಲು ಬಿತ್ತು. ಹಲಗೆಯನ್ನು ನೆಲಕ್ಕಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಯಾರೋ ಒಳಗಿನಿಂದ ಬೆರಳೊತ್ತಿದ ಹಾಗೆ ಕಂದು ಕಲೆ ಎದ್ದಿತು. ಕಪ್ಪಾಯಿತು. ಪಕ್ಕದಲ್ಲಿ ನಾನೇ ಇಟ್ಟಿದ್ದ ಎಂಡ್ರಿನ್ ಚುಕ್ಕೆಯೂ ಅದೇ ಎತ್ತರದಲ್ಲಿ, ಅದೇ ಬಣ್ಣದಲ್ಲಿ ಎದ್ದಿತ್ತು.

ಎಂಡ್ರಿನ್ ಆಗ ಯಾರಿಗೂ ಹೊಸ ಹೆಸರಲ್ಲ. ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುತ್ತಿದ್ದರು. ಓದು ಬಾರದವರಿಗೂ ಆ ಒಂದು ಇಂಗ್ಲಿಷ್ ಹೆಸರು ಬರುತ್ತಿತ್ತು.

ನಾನು ವರದಿ ಬರೆದೆ. "ಬಾವಿಯ ನೀರಿನಲ್ಲಿ ಎಂಡ್ರಿನ್ ಇರುವುದು ಪರೀಕ್ಷೆಯಿಂದ ಕಂಡುಬಂದಿದೆ." ರುದ್ರಮುನಿಯವರ ಪರವಾಗಿ ಎಂದು ಸಹಿ ಹಾಕಿ ಠಾಣೆಗೆ ಕಳಿಸಿದೆ. ಹೆದರಿಕೆಯ ಒಳಗೆ ಒಂದು ಚೂರು ಹೆಮ್ಮೆಯೂ ಇತ್ತೆಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ನಾಲ್ಕನೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಜಗಲಿಯ ಮೇಲೆ ಬಂದು ನಿಂತಳು. ಮೂವತ್ತರ ಆಸುಪಾಸು, ತಲೆ ಬಾಚಿರಲಿಲ್ಲ, ಕಾಲು ಮೊಣಕಾಲಿನವರೆಗೂ ಧೂಳು.

"ನೀರು ನೋಡಿ ಬರ್ಯೋ ಅಮ್ಮಾರು ನೀವೇ ಏನ್ರವ್ವ?"

"ಹೌದಮ್ಮ. ನೀವ್ಯಾರು?"

"ತಿಪ್ಪಮ್ಮ ಅಂತ. ಓಬಯ್ಯನ ಹೆಂಡ್ತಿ. ನನ್ ಗಂಡುನ್ನ ಪೊಲೀಸ್ನೋರು ಹಿಡ್ಕಂಡು ಹೋಗ್ಯಾರೆ, ನೀವು ಬರ್ದ ಕಾಗ್ದ ನೋಡ್ಕಂಡು."

ಅವಳನ್ನು ಒಳಗೆ ಕರೆದು ಕೂರಿಸಿದೆ. ಕೂತದ್ದು ನೆಲದ ಮೇಲೆ. ಓಬಯ್ಯ ಊರಿನ ಗೌಡರ ಹತ್ತಿ ಹೊಲಕ್ಕೆ ಔಷಧಿ ಹೊಡೆಯುವ ಕೂಲಿಗೆ ಹೋಗುತ್ತಿದ್ದ. ಅವನ ಗುಡಿಸಲಿನಲ್ಲಿ ಎಂಡ್ರಿನ್ ಡಬ್ಬಿ ಇತ್ತು. ಕುರಿ ಸಾಯುವ ನಾಲ್ಕು ದಿನ ಮೊದಲು, ಕುರಿಗಳಿಗೆ ನೀರು ಕುಡಿಸುವ ಸರದಿಯ ವಿಷಯಕ್ಕೆ ಅವನಿಗೂ ಹಟ್ಟಿಯ ಯಜಮಾನ ಈರಜ್ಜನಿಗೂ ಜಗಳವಾಗಿತ್ತು. "ನಿನ್ ಕುರಿ ಹೆಂಗ್ ಬದುಕ್ತಾವೋ ನೋಡ್ತೀನಿ" ಎಂದು ಕೋಪದಲ್ಲಿ ಅಂದುಬಿಟ್ಟಿದ್ದ. ಸತ್ತ ಕುರಿಗಳು ಈರಜ್ಜನವು. ಆಸ್ಪತ್ರೆಯಲ್ಲಿದ್ದ ಕೆಂಚಮ್ಮ ಈರಜ್ಜನ ಮೊಮ್ಮಗಳು. ಇನ್ನೇನು ಬೇಕು?

"ಆ ಕೂಸು ಕಣ್ ಬಿಡ್ಲಿಲ್ಲ ಅಂದ್ರೆ ಓಬಯ್ಯ ಠಾಣೆಯಿಂದ ಈಚಿಗ್ ಬಂದ್ರೂ ಉಳ್ಯಾಕಿಲ್ಲ ಅಂತಾವ್ರೆ" ಎಂದಳು. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ಒಂದ್ ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡ್ರಿ. ಬಾವಿ ನೀರಾಗೆ ವಿಷ ಐತೆ ಅಂತ ಹೆಂಗ್ ಬರದ್ರಿ?"

"ಸೀಸೆ ಮೇಲೆ ಬಾವಿ ನೀರು ಅಂತಿತ್ತಲ್ಲಮ್ಮ."

"ಸೀಸೆ ತುಂಬಾಕ್ ಬಂದ ಪೊಲೀಸ್ನೋರು ಬಾವಿಗೆ ಇಳೀಲೇ ಇಲ್ವಲ್ಲ! ಮೆಟ್ಲು ಪಾಚಿ ಕಟ್ಟೈತೆ, ಜಾರ್ತೈತೆ ಅಂತ ಹೆದ್ರಿ, ಕುರಿ ಕುಡಿಯೋ ಕಲ್ಲುಬಾನಿಗೆ ಸೀಸೆ ಅದ್ದಿ ತುಂಬ್ಕಂಡ್ರು. ಪಕ್ಕದಾಗೆ ನಿಂತು ನೋಡೀನಿ. ಇಡೀ ಹಟ್ಟಿ ಕುಡ್ಯೋದು ಅದೇ ಬಾವಿ ನೀರು ಕಣ್ರವ್ವ. ಕುರಿ ಸತ್ತ ದಿನಾನೂ ನಮ್ ಬಿಂದಿಗೇಲಿ ಸೇದ್ಕಂಡು ಕುಡ್ದೀವಿ. ನಮಗ್ಯಾಕೆ ಏನೂ ಆಗ್ಲಿಲ್ಲ? ಅದನ್ನ ಯಾರೂ ಕೇಳ್ಲೇ ಇಲ್ಲ."

ಅದನ್ನು ಕೇಳಬೇಕಾದವಳು ನಾನು. ಎಲ್ಲಿಂದ ತುಂಬಿದ್ದು, ಯಾರು ತುಂಬಿದ್ದು ಎಂದು ಕೇಳುವ ಎರಡು ಸಾಲು ನಮ್ಮ ನಮೂನೆಯಲ್ಲೇ ಇದ್ದವು. ಅವು ಖಾಲಿ ಬಂದಿದ್ದವು. ನಾನು ಖಾಲಿಯೇ ಬಿಟ್ಟಿದ್ದೆ. ನನ್ನ ಹಲಗೆಗೆ ಕಂಡದ್ದು ಒಂದು ಸೀಸೆಯ ನೀರಿನಲ್ಲಿ ವಿಷ ಇದೆಯೆಂದು ಮಾತ್ರ. ಬಾವಿ ಎಂಬ ಪದವನ್ನು ಸೇರಿಸಿದ್ದು ನನ್ನ ಲೇಖನಿ. ಆ ಒಂದು ಪದದ ಮೇಲೆ ಒಬ್ಬ ಮನುಷ್ಯ ಠಾಣೆಯಲ್ಲಿ ಕೂತಿದ್ದ.

ತಿಪ್ಪಮ್ಮ ಹೋದ ಮೇಲೆ ಬಹಳ ಹೊತ್ತು ಬಾಗಿಲು ಹಾಕಿಕೊಂಡು ಕೂತಿದ್ದೆ. ಮನಸ್ಸಿಗೆ ಮೊದಲು ಬಂದದ್ದು ಓಬಯ್ಯನಲ್ಲ, ನನ್ನ ಕೆಲಸ. ಅಪ್ಪ ನಿವೃತ್ತರಾಗಿದ್ದರು, ನನ್ನ ಕೆಳಗೆ ಇಬ್ಬರು ತಂಗಿಯರು. ಸುಮ್ಮನಿದ್ದರೆ? ವಿಷ ಇದ್ದದ್ದಂತೂ ನಿಜ, ಕುರಿ ಸತ್ತದ್ದೂ ನಿಜ. ಬಾನಿಯಾದರೇನು, ಬಾವಿಯಾದರೇನು, ಹಾಕಿದವನು ಅವನೇ ಇರಬಹುದಲ್ಲ? ಹೀಗೆಲ್ಲ ಯೋಚಿಸಿದೆ. ಹೆದರಿಕೆ ಮನುಷ್ಯನಿಗೆ ಎಷ್ಟು ಬೇಗ ವಕೀಲಿಕೆ ಕಲಿಸುತ್ತದೆಂದು ಅವತ್ತು ನನಗೆ ತಿಳಿಯಿತು.

ಮಾರನೆಯ ಬೆಳಿಗ್ಗೆ ರುದ್ರಮುನಿಯವರು ರಜೆ ಮುಗಿಸಿ ಬಂದರು. ಕೈಯಲ್ಲಿ ಸಕ್ಕರೆ ಪೊಟ್ಟಣ. ಮಗಳಿಗೆ ಗಂಡು ಹುಟ್ಟಿತ್ತು. ಸಕ್ಕರೆ ಬಾಯಿಗೆ ಹಾಕಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಅವರು ವರದಿಯ ಪ್ರತಿ ತೆಗೆಸಿ ಓದಿದರು. ಮತ್ತೆ ಓದಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಖಾಸಿಂ ಸಾಬರಿಗೆ ಜೀಪು ತೆಗೀಲಿಕ್ಕೆ ಹೇಳು" ಎಂದರು. "ತೊಳೆದ ಸೀಸೆ ಇಟ್ಕೋ. ಹೋಗಾಣ."

ಖಾಸಿಂ ಸಾಬರು ನಮ್ಮ ಡ್ರೈವರು. ಹೊಳಲ್ಕೆರೆ ದಾಟಿ, ಹೊಸದುರ್ಗ ದಾಟಿ, ಮತ್ತೋಡಿನ ದಾರಿ ಬಿಟ್ಟು ಗಾಡಿ ಜಾಡಿನಲ್ಲಿ ಹೋಗುವವರೆಗೂ ಖಾಲಿ ಸೀಸೆಗಳನ್ನು ಮಡಿಲಲ್ಲಿ ಹಿಡಿದುಕೊಂಡಿದ್ದೆ.

ಹಟ್ಟಿಯ ಸುತ್ತ ಜಾಲಿಮುಳ್ಳಿನ ಬೇಲಿ. ಒಳಗೆ ಬಾವಿ, ಬಾವಿಗೆ ಅಂಟಿಕೊಂಡು ಉದ್ದನೆಯ ಕಲ್ಲುಬಾನಿ. ಬಾವಿಯ ಬಾಯಿಗೆ ಮುಳ್ಳು ಎಳೆದು ಮುಚ್ಚಿದ್ದರು. ನನ್ನ ವರದಿ ಮುಚ್ಚಿಸಿದ ಬಾವಿ. ಹೆಂಗಸರು ಎರಡು ಮೈಲಿ ದೂರದ ಹಳ್ಳದಿಂದ ನೀರು ಹೊರುತ್ತಿದ್ದರು. ಗಂಡಸರು ಬಂದು ಜೀಪಿನ ಸುತ್ತ ನಿಂತರು. ಈರಜ್ಜ ಮುಂದೆ ಬಂದ. ಎತ್ತರದ ಮುದುಕ, ಹೆಗಲ ಮೇಲೆ ಕರಿ ಕಂಬಳಿ.

"ಇನ್ನೇನ್ ನೋಡ್ಬೇಕ್ರಿ? ಮಾಡ್ದೋನು ಸಿಕ್ಕವ್ನಲ್ಲ."

"ಇನ್ನೊಂದು ಸಲ ನೋಡ್ಬೇಕು ಅಜ್ಜ" ಎಂದೆ.

ಮುಳ್ಳು ಸರಿಸಿದರು. ಚಪ್ಪಲಿ ಬಿಟ್ಟು ಪಾಚಿಯ ಮೆಟ್ಟಿಲಿನ ಮೇಲೆ ಕೂತು ಕೂತು ಇಳಿದೆ. ಕೆಳಗೆ ನೀರು ಕಪ್ಪಗೆ ಅಲುಗದೆ ನಿಂತಿತ್ತು. ಸೀಸೆ ಅದ್ದಿ ತುಂಬಿ, ಮುಚ್ಚಿ, "ಬಾವಿ, ನಾನೇ ತುಂಬಿದ್ದು" ಎಂದು ಚೀಟಿ ಬರೆದೆ. ಮೇಲೆ ಬಂದು ಬಾನಿಯ ತಳದಲ್ಲಿ ಉಳಿದಿದ್ದ ನೀರನ್ನು ಇನ್ನೊಂದು ಸೀಸೆಗೆ ತುಂಬಿದೆ. ತುಂಬುತ್ತಿದ್ದಾಗ ಬಾನಿಯ ಪಕ್ಕ ಬಿದ್ದಿದ್ದ ತಗಡಿನ ಡಬ್ಬ ಕಣ್ಣಿಗೆ ಬಿತ್ತು. ಮೇಲ್ಭಾಗ ಕತ್ತರಿಸಿ, ಹಿಡಿಗೆ ಕಂಬಿ ಹಾಕಿ, ಹಗ್ಗ ಕಟ್ಟಿದ ಡಬ್ಬ. ಹೊರಗಿನ ಬಣ್ಣವನ್ನು ಕೆರೆದು ತೆಗೆದಿದ್ದರು. ಬಗ್ಗಿ ಮೂಸಿದೆ. ತಳದ ಮಡಿಕೆಯಿಂದ ಅದೇ ವಾಸನೆ.

"ಇದು ಯಾರದು?"

"ನಮ್ದೇ" ಎಂದ ಈರಜ್ಜ. "ಕುರಿಗೆ ನೀರು ಸೇದೋದು. ಮೊದ್ಲು ಚರ್ಮದ್ದಿತ್ತು, ಹರ್ದೋತು. ಸಂತೇಲಿ ಒಬ್ಬ ಹಳೇ ಡಬ್ಬ ಕೊಯ್ದು ಬಕೇಟು ಮಾಡಿ ಮಾರ್ತಿದ್ದ. ನಾನೇ ಆರಿಸ್ಕಂಡು ತಂದೆ. ಗಟ್ಟಿ ಐತೆ."

"ಯಾವತ್ತು ತಂದ್ರಿ, ಅಜ್ಜ?"

"ಕುರಿ ಸತ್ವಲ್ಲ, ಅದ್ರ ಹಿಂದಿನ್ ದಿನ."

"ಮೊದಲ ಸಲ ಸೇದಿದಾಗ ನೀರು ಹೆಂಗಿತ್ತು?"

"ಒಸಿ ಬೆಳ್ಳಗಿತ್ತು, ಮಜ್ಜಿಗೆ ನೀರಿನಂಗೆ. ಬಾನಿಗೆ ಸುಣ್ಣ ಗಿಣ್ಣ ಬಿದ್ದಿರ್ಬೇಕು ಅಂದ್ಕಂಡ್ವಿ. ಯಾಕ್ರವ್ವ?"

ಎಂಡ್ರಿನ್ ಎಣ್ಣೆಗೆ ನೀರು ಬಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ನನಗೆ ಗೊತ್ತಿತ್ತು, ರುದ್ರಮುನಿಯವರಿಗೂ ಗೊತ್ತಿತ್ತು. ಅಲ್ಲಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ. ರುದ್ರಮುನಿಯವರ ಕಡೆ ನೋಡಿದೆ. ತುಟಿ ಬಿಚ್ಚಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ನಾನೇನಾದರೂ ಅಂದು, ಹಲಗೆಯಲ್ಲಿ ಬೇರೆ ಕಂಡರೆ? ಒಂದು ಸಲ ಕಂಡದ್ದಕ್ಕಿಂತ ಹೆಚ್ಚು ಹೇಳಿ ಆಗಿತ್ತು. "ಏನಿಲ್ಲ ಅಜ್ಜ" ಎಂದು ಡಬ್ಬವನ್ನು ಜೀಪಿಗೆ ಹಾಕಿಸಿಕೊಂಡೆ. ಹೊರಡುವಾಗ ಬೇಲಿಯಾಚೆ ತಿಪ್ಪಮ್ಮ ನಿಂತಿದ್ದು ಕಂಡಿತು. ಹಟ್ಟಿಯವರು ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

ಈ ಸಲ ಹಲಗೆಯ ಮೇಲೆ ಐದು ಚುಕ್ಕೆ ಇಟ್ಟೆ: ಡಬ್ಬ ತೊಳೆದ ನೀರು, ಬಾನಿ, ಬಾವಿ, ಎಂಡ್ರಿನ್, ಶುದ್ಧ ನೀರು. ಬಿಸಿಲಿಗೆ ಕಾದೆವು. ರುದ್ರಮುನಿಯವರೂ ಬಯಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಡಬ್ಬದ್ದು ಕಾಡಿಗೆಯಂತೆ ಎದ್ದಿತು. ಬಾನಿಯದು ಅದಕ್ಕಿಂತ ತೆಳು, ಆದರೆ ಸ್ಪಷ್ಟ. ಬಾವಿಯದು ಬಿಳುಪಾಗಿಯೇ ಇತ್ತು. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಅಲ್ಲಿ ಒಂದು ನೆರಳು ಕಂಡ ಹಾಗಾಯಿತು. ಕಣ್ಣುಜ್ಜಿ ನೋಡಿದರೆ ಇಲ್ಲ. ಓರೆಯಾಗಿ ನೋಡಿದರೆ ಇದೆ.

"ನಿಮಗೆ ಕಾಣ್ತದಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇದೆ ಅನ್ಸುತ್ತೆ. ಆ ಡಬ್ಬ ಬಾವಿಗೂ ಇಳಿದಿದೆಯಲ್ಲ. ಎಳ್ಳಷ್ಟಾದ್ರೂ ಸೇರಿರುತ್ತೆ."

ಅವತ್ತೇ ಇನ್ನೊಂದು ವರದಿ ಹೋಯಿತು. ಮೊದಲನೆಯದರಲ್ಲಿ ತಪ್ಪಾಗಿದೆ ಎಂದು ಅದರಲ್ಲಿ ನಾನೇ ಬರೆದು ಸಹಿ ಮಾಡಿದೆ. ವಿಷ ಬಂದದ್ದು ನೀರು ಸೇದುವ ಡಬ್ಬದಿಂದ. ಆ ಡಬ್ಬ ಹಿಂದೆ ಎಂಡ್ರಿನ್ ಇಟ್ಟದ್ದು. ಬಾವಿಯನ್ನು ಎರಡು ಸಲ ಪೂರ್ತಿ ಬರಿದು ಮಾಡಿ ಮತ್ತೆ ಪರೀಕ್ಷಿಸಬೇಕು. ಸಂತೆಯಲ್ಲಿ ಅಂಥ ಡಬ್ಬ ಮಾರುವುದನ್ನು ನಿಲ್ಲಿಸಬೇಕು. ಓಬಯ್ಯನನ್ನು ಎರಡು ದಿನದ ಮೇಲೆ ಬಿಟ್ಟರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಲಿನಿಂದ ಒಂದು ಕಟು ಕಾಗದ ಬಂತು, ಅಷ್ಟೇ. ಆದರೆ ಹೆದರಿಕೆ ಬೇರೆ ರೂಪ ತಾಳಿತು. ಆ ಸಂತೆಯಿಂದ ಇನ್ನೆಷ್ಟು ಡಬ್ಬ ಎಷ್ಟು ಮನೆಗಳಿಗೆ ಹೋಗಿವೆ? ರಸ್ತೆಯಲ್ಲಿ ಯಾರ ಕೈಯಲ್ಲಿ ತಗಡಿನ ಬಕೇಟು ಕಂಡರೂ ನಿಂತು ಬಗ್ಗಿ ಮೂಸಬೇಕೆನಿಸುತ್ತಿತ್ತು. ನಾನು ಬಾಡಿಗೆಗಿದ್ದ ಮನೆಯಲ್ಲಿ ಅಕ್ಕಿಯ ಡಬ್ಬವನ್ನೂ ಮೂಸಿ ನೋಡಿದೆ. ಮನೆಯೊಡತಿ ಬೇಜಾರು ಮಾಡಿಕೊಂಡರು.

ಹಟ್ಟಿಯವರು ಎತ್ತು ಕಟ್ಟಿ ಬಾವಿ ಬರಿದು ಮಾಡಿದರು. ಸೆಲೆಯಿಂದ ನೀರು ಊರಿದ ಮೇಲೆ ಮತ್ತೆ ಬರಿದು ಮಾಡಿದರು. ಆಮೇಲೆ ಮೂರು ಸಲ ಹೋಗಿ ನಾನೇ ನೀರು ತುಂಬಿಕೊಂಡು ಬಂದೆ. ಮೂರು ಹಲಗೆಗಳೂ ಬೆಳ್ಳಗಿದ್ದವು. ಎದುರಿನಿಂದಲೂ, ಓರೆಯಿಂದಲೂ.

ಕೊನೆಯ ಸಲ ನಾವು ಹೋದದ್ದು ಅದನ್ನು ಹೇಳಲಿಕ್ಕೆ. ಶ್ರಾವಣ ಹತ್ತಿರವಾಗಿತ್ತು, ಗಾಳಿ ತಗ್ಗಿತ್ತು. ಕೆಂಚಮ್ಮ ಆಸ್ಪತ್ರೆಯಿಂದ ಬಂದಿದ್ದಳು. ಅಜ್ಜಿಯ ತೊಡೆಯ ಮೇಲೆ ಗುಬ್ಬಿಯಷ್ಟಾಗಿ ಕೂತಿದ್ದಳು. ಎಡಗೈ ಆಗಾಗ ತಾನಾಗಿ ಅದುರುತ್ತಿತ್ತು. ಓಬಯ್ಯನೂ ಬಂದಿದ್ದ, ಆದರೆ ಬೇಲಿಯ ಹೊರಗೆ ಹೆಂಡತಿಯ ಪಕ್ಕ ನಿಂತಿದ್ದ. ಸಣ್ಣ ಮೈಯ, ಕಣ್ಣು ಕೆಳಗಿಟ್ಟ ಮನುಷ್ಯ. ನಾನು ಅವನನ್ನು ನೋಡಿದ್ದು ಅದೇ ಮೊದಲು.

"ನೀನೇ ಹೇಳು" ಎಂದರು ರುದ್ರಮುನಿಯವರು. "ಕೆಲಸ ನಿಂದು."

ಹೇಳಿದೆ. ಡಬ್ಬದ ವಿಷಯ ಸುತ್ತಿ ಬಳಸಿ ಹೇಳಲು ಹೋಗಿ ತಡವರಿಸಿದೆ. ಈರಜ್ಜ ಮಧ್ಯದಲ್ಲಿ ಕೈಯೆತ್ತಿ ನಿಲ್ಲಿಸಿದ.

"ನಾನ್ ತಂದ ಡಬ್ಬ" ಎಂದ.

ನಾನು ತಲೆಯಾಡಿಸಿದೆ.

"ನಾನ್ ತಂದ ಡಬ್ಬದಾಗೆ ಸೇದಿ, ನನ್ ಕೈಯಾಗೇ ಬಾನಿಗೆ ಹುಯ್ದೆ. ಈ ಕೂಸು ಬಾಯಾರಿಕೆ ಅಂತ ಬಂದು ಡಬ್ಬಕ್ಕೇ ಬೊಗಸೆ ಹಾಕ್ತು. ಕುಡಿಯವ್ವ ಅಂದೆ."

ಅವನು ನನ್ನ ಮೇಲೆ ಬೀಳುತ್ತಾನೆ, ಇಲ್ಲವೇ ತಾನೇ ಬೀಳುತ್ತಾನೆ ಎನಿಸಿತು. ಎರಡೂ ಆಗಲಿಲ್ಲ. ಬಾವಿಯ ಕಡೆ ತಿರುಗಿ ಕೇಳಿದ.

"ಈಗ ಬಾವಿ ಚೆನ್ನಾಗೈತೆ ಅಂತೀರಾ?"

"ಹೌದು ಅಜ್ಜ. ಮೂರು ಸಲ ನೋಡಿದೀನಿ."

"ಮೊದ್ಲು ಬಾವಿ ಕೆಟ್ಟೈತೆ ಅಂದೋರೂ ನೀವೇ. ಕಾಗ್ದದಾಗೆ ಬರ್ದಿದ್ರಿ."

"ನಂದೇ ತಪ್ಪು."

"ನಮ್ಗೆ ಓದೋಕ್ ಬರಾಕಿಲ್ಲ, ತಾಯಿ. ಕಾಗ್ದ ಬ್ಯಾಡ. ನೀವು ಕುಡೀರಿ. ನಾವು ನೋಡ್ತೀವಿ."

ಅಜ್ಜಿಯ ತೊಡೆಯ ಮೇಲಿನ ಹುಡುಗಿ ನೀರು ಎಂಬ ಮಾತು ಕೇಳಿ "ಅಜ್ಜೀ, ನೀರು" ಎಂದಿತು. ಅಜ್ಜಿ ಅದರ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಒಬ್ಬಳು ಹೊಸ ಹಗ್ಗದ ಕೊಡದಲ್ಲಿ ಸೇದಿ, ಹಿತ್ತಾಳೆ ಚೊಂಬಿಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. ತಣ್ಣಗಿತ್ತು. ಆಗ ನನ್ನನ್ನು ಹಿಡಿದ ಹೆದರಿಕೆಯನ್ನು ಏನೆಂದು ಹೇಳಲಿ? ಹಲಗೆ ಬೆಳ್ಳಗಿದೆ ಎಂದರೆ ವಿಷ ಇಲ್ಲವೆಂದಲ್ಲ, ಕಾಣುವಷ್ಟು ಇಲ್ಲವೆಂದು. ಆ ಎರಡರ ನಡುವೆ ಎಷ್ಟು ಜಾಗವಿದೆಯೆಂದು ಆ ಜನರ ನಡುವೆ ಗೊತ್ತಿದ್ದವರು ನಾವಿಬ್ಬರೇ. ಓರೆಯಾಗಿ ಕಂಡ ಆ ನೆರಳು ಕಣ್ಣೆದುರು ಬಂತು. ಹಿಂದಿನ ವಾರ ಬಿಸಿಲು ಸಾಲದೆ ಹೋಗಿದ್ದರೆ? ನಾನು ಈಥರ್ ಸರಿಯಾಗಿ ಕುಲುಕದೆ ಇದ್ದಿದ್ದರೆ? ರುದ್ರಮುನಿಯವರ ಮುಖ ನೋಡಿದೆ. ಅವರು ಬಾವಿಯ ಕಡೆ ನೋಡುತ್ತಿದ್ದರು.

ಕಣ್ಣು ಮುಚ್ಚಿ ಕುಡಿದೆ. ಪೂರ್ತಿ ಕುಡಿದೆ.

"ಹೊತ್ತು ಮುಳುಗೋ ತಂಕ ಇಲ್ಲೇ ಕುಂತಿರ್ರಿ" ಎಂದ ಈರಜ್ಜ. ಒರಟಾಗಿ ಹೇಳಲಿಲ್ಲ, ಕೇಳಿಕೊಂಡ ಹಾಗೆ ಹೇಳಿದ. "ಕುರಿ ಸಾಯಾಕೆ ಅರ್ಧ ದಿನ ಹಿಡೀತು."

ಬೇವಿನ ಮರದಡಿ ಕಂಬಳಿ ಹಾಸಿ ಕೂರಿಸಿದರು. ಹಟ್ಟಿ ಹಟ್ಟಿಯೇ ಎದುರು ಕೂತು ನನ್ನನ್ನು ನೋಡಿತು. ಹೆಂಗಸರು ಉಣ್ಣೆ ನೂಲುತ್ತ, ಗಂಡಸರು ಬೀಡಿ ಸೇದುತ್ತ ನೋಡಿದರು. ಎಂಡ್ರಿನ್ ಮೈಗೆ ಹೋದರೆ ಮೊದಲು ಏನಾಗುತ್ತದೆಂದು ನಾನು ಓದಿದ್ದೆ. ತಲೆಸುತ್ತು, ವಾಕರಿಕೆ, ಬೆರಳ ತುದಿಯ ಅದುರು. ತಲೆ ಸುತ್ತಿತು. ವಾಕರಿಕೆ ಬಂತು. ಬೆರಳು ಅದುರುತ್ತಿದ್ದವು. ವಿಷದಿಂದಲೋ ಭಯದಿಂದಲೋ ಗೊತ್ತಾಗದೆ ಕೈಗಳನ್ನು ಸೀರೆಯ ಮಡಿಲಲ್ಲಿ ಬಚ್ಚಿಟ್ಟುಕೊಂಡೆ. ಮೂರ್ನಾಲ್ಕು ಸಲ ಅಮ್ಮನನ್ನು ನೆನೆದೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತರು. ತಿಪ್ಪಮ್ಮ. ಬೇಲಿ ದಾಟಿ ಬಂದಿದ್ದಳು, ಯಾರೂ ತಡೆಯಲಿಲ್ಲ. ಬಾವಿಯಿಂದ ತಾನೇ ಸೇದಿಕೊಂಡು ಬಂದ ಚೊಂಬನ್ನು ಎತ್ತಿ ನನ್ನ ಮುಂದೆಯೇ ಗಟಗಟ ಕುಡಿದಳು. ಬಾಯಿ ಒರೆಸಿಕೊಂಡು ಸಣ್ಣಗೆ ಅಂದಳು: "ಹೆದರ್ಬ್ಯಾಡ್ರಿ. ಏನಾರ ಆದ್ರೆ ಇಬ್ರಿಗೂ ಆಗ್ಲಿ."

ಆಮೇಲೆ ಸಂಜೆಯವರೆಗೂ ಅವಳ ಮೊಣಕೈ ನನ್ನ ಮೊಣಕೈಗೆ ತಾಗಿಯೇ ಇತ್ತು.

ಹೊತ್ತು ಗುಡ್ಡಕ್ಕೆ ತಾಗಿದಾಗ ಈರಜ್ಜ ಎದ್ದ. ಹತ್ತಿರ ಬಂದು ನನ್ನ ಕಣ್ಣುಗಳನ್ನು ನೋಡಿದ, ಕುರಿಯ ಕಣ್ಣು ನೋಡುವ ಹಾಗೆ. ಬಾವಿಗೆ ಹೋಗಿ ಒಂದು ಚೊಂಬು ತಂದ. ತಾನು ಕುಡಿಯಲಿಲ್ಲ, ಮೊಮ್ಮಗಳಿಗೂ ಕೊಡಲಿಲ್ಲ. ನೇರ ಬೇಲಿಯವರೆಗೆ ನಡೆದು ಓಬಯ್ಯನ ಮುಂದೆ ಹಿಡಿದ.

"ಕುಡಿಯಪ್ಪ" ಎಂದ.

ಓಬಯ್ಯ ಚೊಂಬು ತೆಗೆದುಕೊಂಡು ಒಳಗಿನ ನೀರನ್ನು ನೋಡಿದ. ಅರ್ಧ ಕುಡಿದು ವಾಪಸು ಕೊಟ್ಟ. ಉಳಿದರ್ಧವನ್ನು ಈರಜ್ಜ ಅಲ್ಲೇ ನಿಂತು ಕುಡಿದ. ಅಜ್ಜಿ ಹುಡುಗಿಯ ಬಾಯಿಗೆ ಮತ್ತೆ ಅಡ್ಡ ಹಿಡಿದಿದ್ದ ಸೆರಗು ತೆಗೆದಳು.

ಜೀಪು ಹೊಸದುರ್ಗ ದಾಟುವವರೆಗೂ ನಾನು ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದೆ. ರುದ್ರಮುನಿಯವರು ಹೊರಗೆ ನೋಡುತ್ತಲೇ ಅಂದರು: "ನಾನು ಕುಡೀಬೇಕಾಗಿತ್ತು. ದೊಡ್ಡೋನು ನಾನು."

ನಾನು ಅವರ ಕಡೆ ತಿರುಗಿದೆ.

"ನಿನ್ ಹಲಗೆಗಳನ್ನ ಒಂದೊಂದೂ ನಾಕ್ ನಾಕ್ ಸಲ ನೋಡಿದೀನಿ. ತಪ್ಪಿರಲಿಲ್ಲ. ಆದ್ರೂ ಕೈ ಮೇಲಕ್ಕೆ ಏಳಲಿಲ್ಲ, ಗಿರಿಜ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, "ಮೊಮ್ಮಗ ಹುಟ್ಟವ್ನೆ ಅಂತ ನೆನಪಾಯ್ತು" ಎಂದರು.



ಹೊಳಲ್ಕೆರೆಯಲ್ಲಿ ಖಾಸಿಂ ಸಾಬರು ಹೋಟೆಲಿನ ಮುಂದೆ ಜೀಪು ನಿಲ್ಲಿಸಿದರು. ಮೂವರೂ ಒಳಗೆ ಹೋಗಿ ಕೂತೆವು. ಹೋಟೆಲಿನವರು ಮೂರು ಲೋಟ ನೀರು ತಂದಿಟ್ಟು, ಏನು ಕೊಡಲಿ ಎಂದು ಕೇಳಿ ಹೋದರು. ಖಾಸಿಂ ಸಾಬರು ತಮ್ಮ ಲೋಟ ಎತ್ತಿ ಒಂದೇ ಗುಟುಕಿಗೆ ಮುಗಿಸಿದರು. ನಾನು ನನ್ನ ಲೋಟ ನೋಡಿದೆ. ರುದ್ರಮುನಿಯವರು ತಮ್ಮದನ್ನು ನೋಡಿದರು. ಯಾವ ಬಾವಿಯದೋ, ಯಾರು ತುಂಬಿದ್ದೋ, ಯಾವುದರಲ್ಲಿ ಸೇದಿದ್ದೋ.

"ಯಾಕ್ ಸಾಬ್, ಪಾನಿ ಚೆನ್ನಾಗಿಲ್ವಾ?" ಎಂದು ಕೇಳಿ ಖಾಸಿಂ ಸಾಬರು ನಮ್ಮಿಬ್ಬರ ಲೋಟಗಳನ್ನೂ ತಮ್ಮ ಕಡೆ ಎಳೆದುಕೊಂಡರು.